ರೈಟರ್ ಕೊಟ್ಟ ಕಾರ್ಬನ್ ಹಾಳೆ

ನನ್ನ ಹಳೆಯ ಪಿಎಚ್.ಡಿ. ಪ್ರಬಂಧದ ಕಟ್ಟು ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಮೇಣ, ಮಸಿ, ಸೀಮೆಎಣ್ಣೆ ಮೂರೂ ಸೇರಿದಂಥದ್ದು. ಪುಟಗಳ ನಡುವೆ ಬಳಸಿದ ಒಂದು ಕಾರ್ಬನ್ ಹಾಳೆ ಸಿಕ್ಕಿಕೊಂಡಿತ್ತು. ಬೆರಳು ನೀಲಿಯಾದವು, ಆ ರೈಟರ್ ನೆನಪಾದರು. ಇಷ್ಟು ವರ್ಷವಾದರೂ ಅವರನ್ನು ನೆನೆದರೆ ಮೊದಲು ಬರುವುದು ಸಿಟ್ಟೇ.

ರೈಟರ್ ಎಂದರೆ ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುವ ಹೆಡ್ ಕಾನ್‌ಸ್ಟೇಬಲ್. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಅರ್ಥಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾಗಿದ್ದೆ. ಗಸ್ತಿನ ಪೊಲೀಸರನ್ನು ಹೆಚ್ಚಿಸಿದರೆ ಕಳ್ಳತನ ಎಷ್ಟು ಇಳಿಯುತ್ತದೆ ಎಂಬುದು ನನ್ನ ಪ್ರಶ್ನೆ. ಅನುಮತಿ ಪತ್ರ ಹಿಡಿದು ರಾಜಾಜಿನಗರದಿಂದ ಸೈಕಲ್ ತುಳಿದು ಮಾಗಡಿ ರಸ್ತೆಯಾಚೆಗಿನ ಒಂದು ಠಾಣೆಗೆ ದಿನಾ ಹೋಗುತ್ತಿದ್ದೆ. ಯಾವ ಠಾಣೆ ಎಂಬುದು ಈಗ ಬೇಡ.

ರೈಟರ್ ದಿನಾ ಕಾಯಿಸುತ್ತಿದ್ದರು. ನನಗೆ ಬೇಕಾದ ಕಳ್ಳತನದ ಕೇಸುಗಳ ರಿಜಿಸ್ಟರ್ ಅವರ ಮೊಣಕೈ ಕೆಳಗೇ ಇರುತ್ತಿತ್ತು. "ಏನ್ ಸ್ವಾಮಿ, ಬಂದ್ರಾ? ಕೂತ್ಕೊಳಿ. ನಿಮ್ಮ ಕಳ್ಳರು ಎಲ್ಲೂ ಓಡೋಗಲ್ಲ" ಎಂದು ಬೆಂಚು ತೋರಿಸಿ, ವೀಳ್ಯದೆಲೆಯ ನಾರು ತೆಗೆಯುತ್ತಾ ಕೂರುತ್ತಿದ್ದರು. ಎಲೆ ಮುಗಿದ ಮೇಲೆ ಕನ್ನಡಕ ಹುಡುಕುವುದು. ಅದು ಹಣೆಯ ಮೇಲೇ ಇರುತ್ತಿತ್ತು!

ಒಂದು ಬೆಳಗ್ಗೆ ಮಾರೇನಹಳ್ಳಿಯಿಂದ ಒಬ್ಬ ಹೆಂಗಸು ಬಂದರು. ಹಾಲು ತರಲು ಹೋಗಿ ಬರುವಷ್ಟರಲ್ಲಿ ಜಗಲಿಯಲ್ಲಿದ್ದ ಹೊಲಿಗೆ ಮಿಷನ್ ಮಾಯವಾಗಿತ್ತು. ಸ್ಕೂಲು ಮಕ್ಕಳ ಯೂನಿಫಾರಂ ಹೊಲಿದೇ ಅವರ ಮನೆ ನಡೆಯುತ್ತಿದ್ದುದು. ರೈಟರ್ ಹೊಸ ಕಾರ್ಬನ್ ಇಟ್ಟು ನಿಧಾನವಾಗಿ ಬರೆದರು.

"ಕಳೆದುಹೋಗಿದೆ ಅಂತ ಬರ್ದಿದೀನಿ. ಇಲ್ಲೊಂದು ಸೈನ್ ಹಾಕಮ್ಮ."

"ಕಳೆದೋಗಕ್ಕೆ ಅದೇನು ಕರ್ಚೀಫಾ ಸಾರ್, ಬಸ್ಸಲ್ಲಿ ಬಿದ್ದೋಗಕ್ಕೆ? ಯಾರೋ ಕದ್ದವ್ರೆ!"

"ಕದ್ದಿದ್ದು ನೋಡಿದ್ಯಾ?"

"ನೋಡಿದ್ರೆ ಬಿಡ್ತಿದ್ನಾ?"

ಆಕೆ ನನ್ನ ಕಡೆ ತಿರುಗಿದರು. "ಅಣ್ಣಾ, ಓದಿದೋರ ಥರ ಕಾಣ್ತೀರ. ನೀವಾದ್ರೂ ಹೇಳಿ."

ನಾನು ಕೋಷ್ಟಕಕ್ಕೆ ಗೆರೆ ಎಳೆಯುತ್ತಿದ್ದೆ. ಎಳೆಯುತ್ತಲೇ ಇದ್ದೆ... ಆಕೆ ಸೈನ್ ಹಾಕಿ ಹೋದರು.

ರೈಟರ್ ಮುಚ್ಚುಮರೆ ಮಾಡಲಿಲ್ಲ. ಕಳ್ಳತನ ಎಂದು ಬರೆದರೆ ಅದು ಕೇಸು, ಕೇಸಾದರೆ ಹುಡುಕಬೇಕು. ಹೋದ ವರ್ಷಕ್ಕಿಂತ ಕೇಸು ಜಾಸ್ತಿಯಾದರೆ ಮೇಲಿನವರು ಇನ್‌ಸ್ಪೆಕ್ಟರಿಗೆ ಬೈಯುತ್ತಾರೆ, ಇನ್‌ಸ್ಪೆಕ್ಟರ್ ಇವರಿಗೆ. ಆಮೇಲೆ ಎದ್ದು ಬೀರುವಿನ ಮೇಲಿಂದ ದಾರ ಕಟ್ಟಿದ ಹಳೇ ಅರ್ಜಿಗಳ ಒಂದು ದಪ್ಪ ಕಟ್ಟನ್ನು ಇಳಿಸಿ ನನ್ನ ಪಕ್ಕ ಇಟ್ಟರು. ಸೈಕಲ್, ಹಿತ್ತಾಳೆ ಹಂಡೆ, ಗಡಿಯಾರ... ಎಲ್ಲವೂ 'ಕಳೆದುಹೋದ'ವು.

"ಇದನ್ನೂ ಎಣಿಸ್ಕೊಳಿ ಸ್ವಾಮಿ. ಇಲ್ಲೀತನಕ ಯಾರೂ ಕೇಳಿಲ್ಲ."

ನನ್ನ ಲೆಕ್ಕವೆಲ್ಲ ಆಗಲೇ ಚೆನ್ನಾಗಿ ಕೂತಿತ್ತು. "ಕಳೆದುಹೋದದ್ದು ನನ್ನ ವಿಷಯ ಅಲ್ಲ ಸಾರ್" ಎಂದೆ.

ಅವರು ಕಟ್ಟನ್ನು ಮತ್ತೆ ಬೀರುವಿನ ಮೇಲಿಟ್ಟರು. "ಹಂಗಾದ್ರೆ ನಾವಿಬ್ರೂ ಒಂದೇ ಡಿಪಾರ್ಟ್‌ಮೆಂಟು ಬಿಡಿ" ಎಂದರು. ಕೋಷ್ಟಕದ ಪ್ರತಿ ತೆಗೆಯಲು ಕಾರ್ಬನ್ ಕೇಳಿದಾಗ, ಆಕೆಯ ಅರ್ಜಿಗೆ ಇಟ್ಟಿದ್ದನ್ನೇ ಕೊಟ್ಟರು.

ನಿಜವಾಗಿ ಹಾಗೆ ಅಂದರೇ? ಆ ದಿನದ ನನ್ನ ಡೈರಿಯಲ್ಲಿರುವುದು ಇಷ್ಟೇ: "ಇವತ್ತೂ ಎರಡು ಗಂಟೆ ಕಾಯಿಸಿದ. ಮಹಾ ಸೋಮಾರಿ." ಕಟ್ಟಿನ ಸುದ್ದಿಯಿಲ್ಲ, ಹೆಂಗಸಿನ ಸುದ್ದಿಯೂ ಇಲ್ಲ. ನೆನಪು ಅವರನ್ನು ಈಗ ಒಳ್ಳೆಯವರನ್ನಾಗಿ ಮಾಡುತ್ತಿದೆಯೋ, ಡೈರಿಯೇ ಅಂದು ಅದನ್ನೆಲ್ಲ ಬೇಕೆಂದೇ ಬಿಟ್ಟಿತ್ತೋ ತಿಳಿಯದು. ಅವರೇನೂ ದೊಡ್ಡ ಮನುಷ್ಯರಲ್ಲ. ತಿಂಗಳ ನಂತರ ಆಕೆ ಮತ್ತೆ ಬಂದಾಗ ಕಟ್ಟು ಇಳಿಸಿದ ಅದೇ ಕೈಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ, "ಕಳೆದೋಗಿದ್ದನ್ನ ಎಲ್ಲೀಂತ ಹುಡುಕೋದಮ್ಮ?" ಎಂದವರು ಅವರೇ. ಆಕೆಯ ಬೆರಳುಗಳು ಕಪ್ಪಾಗಿದ್ದವು. ಊದುಬತ್ತಿ ಹೊಸೆಯುವ ಕೆಲಸಕ್ಕೆ ಸೇರಿದ್ದರಂತೆ. ಈ ಸಲ ಆಕೆ ನನ್ನನ್ನು ಏನೂ ಕೇಳಲಿಲ್ಲ.

ಗಸ್ತು ಹೆಚ್ಚಿದಂತೆ ಕಳ್ಳತನ ಇಳಿಯಿತು ಎಂದು ಬರೆದೆ. ಪದವಿ ಬಂತು.

ಬಹಳ ತಡವಾಗಿ, ಆ ಕಟ್ಟನ್ನು ಎಣಿಸಲೇಬೇಕು ಅನ್ನಿಸಿ ವಿಚಾರಿಸಿದೆ. ರೈಟರ್ ಕೆಂಗೇರಿಯಲ್ಲಿ ಮನೆ ಕಟ್ಟಿಕೊಂಡಿದ್ದರಂತೆ, ತೀರಿಕೊಂಡು ವರ್ಷಗಳಾಗಿದ್ದವು. ಠಾಣೆ ಹೊಸ ಕಟ್ಟಡಕ್ಕೆ ಹೋಗುವಾಗ ಹಳೇ ಕಾಗದವೆಲ್ಲ ರದ್ದಿಗೆ ಹೋಯಿತಂತೆ.

ಈಗ ಕಾರ್ಬನ್ ಹಾಳೆಯನ್ನು ಕಿಟಕಿಗೆ ಹಿಡಿದಿದ್ದೇನೆ. ಬರೆದ ಕಡೆ ಮಸಿ ಹೋಗಿ ಬೆಳಕು ತೂರುತ್ತಿದೆ. ಅವರ ದುಂಡಕ್ಷರ ಚೆನ್ನಾಗಿಯೇ ಕಾಣುತ್ತದೆ: ಹೊಲಿಗೆ ಯಂತ್ರ ಒಂದು, ಕಳೆದುಹೋಗಿದೆ. ಅದರ ಮೇಲಿನ ಸಾಲಿನಲ್ಲಿ ಆಕೆಯ ಹೆಸರಿರಬೇಕು. ಅಲ್ಲೇ ನನ್ನ ಕೋಷ್ಟಕದ ಅಂಕಿಗಳು ಒತ್ತಾಗಿ ಕೂತಿವೆ. ಹಾಳೆಯನ್ನು ಹೇಗೆ ತಿರುಗಿಸಿದರೂ ಹೆಸರು ಓದಲು ಆಗುತ್ತಿಲ್ಲ.