ಮೈಲಾರೆಪ್ಪನ ಕಪಾಟಿನ ಮದುವೆಗಳು

ರಾಣೆಬೆನ್ನೂರಿನಲ್ಲಿ ಮೈಲಾರೆಪ್ಪನನ್ನು ಒಳ್ಳೆಯವನು ಎಂದವರನ್ನು ನಾನು ಕಂಡಿಲ್ಲ. ಕೆಟ್ಟವನು ಎಂದು ಎದುರಿಗೆ ಹೇಳಿದವರನ್ನೂ ಕಂಡಿಲ್ಲ. ಇಪ್ಪತ್ತೆರಡು ವರ್ಷ ಮದುವೆ ವಿಡಿಯೋ ಮಾಡಿದವನು. ಅರ್ಧ ತಾಲ್ಲೂಕಿನ ಮಾನ ಅವನ ಕೈಯಲ್ಲಿತ್ತು. ಯಾವ ಬೀಗರು ಊಟದ ಪಂಕ್ತಿಯಲ್ಲಿ ಜಗಳ ತೆಗೆದರು, ಯಾವ ಮದುಮಗ ತಾಳಿ ಕಟ್ಟುವ ಮುಂಚೆ ಬೈಕಿಗಾಗಿ ಹಟ ಹಿಡಿದ, ಎಲ್ಲವೂ ಅವನ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದಿತ್ತು. ಜನರಿಗೆ ಕೊಡುವ ಸಿ.ಡಿ.ಯಲ್ಲಿ ಅದನ್ನೆಲ್ಲ ಕತ್ತರಿಸುತ್ತಿದ್ದ, ತನ್ನ ಬಳಿ ಪೂರ್ತಿ ಟೇಪು ಇಟ್ಟುಕೊಳ್ಳುತ್ತಿದ್ದ.

ಟೇಪುಗಳಿಗೆ ಬೂಷ್ಟು ಹಿಡಿಯತೊಡಗಿದಾಗ ನನ್ನ ಬಳಿ ಬಂದ. ಮೇಡ್ಲೇರಿ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ.

"ವೀರೇಂದ್ರ, ಎಲ್ಲಾ ಮದುವಿ ಒಂದ ಕಡೆ ಇರಬೇಕು. ಯಾವುದು ಬೇಕಂದ್ರ ಅದು ಟಿವಿ ಮ್ಯಾಲೆ ಬರಬೇಕು. ಅಂಥಾದ್ದೊಂದು ಸರ್ವರ್ ಮನ್ಯಾಗ ಕಟ್ಟಿ ಕೊಡು," ಎಂದ.

ಕಟ್ಟಿದೆವು. ಹೆಂಡತಿ ಶೈಲಶ್ರೀ ಸೀರೆ ಇಡುತ್ತಿದ್ದ ಕಬ್ಬಿಣದ ಕಪಾಟನ್ನು ಖಾಲಿ ಮಾಡಿಸಿ, ಹಿಂಬದಿಗೆ ತೂತು ಕೊರೆದು ಎರಡು ಫ್ಯಾನು ಕೂರಿಸಿದ. ಒಳಗೆ ಹಳೆಯ ಕಂಪ್ಯೂಟರಿನ ಬೋರ್ಡು, ಅದಕ್ಕೆ ನಾಲ್ಕು ಟೆರಾಬೈಟಿನ ಎಂಟು ಡಿಸ್ಕು. ಡಿಸ್ಕು ಕೊಟ್ಟವನು ನಾನೇ. ಬೇರೆ ಕಡೆ ನಾಲ್ಕೈದು ವರ್ಷ ಹಗಲೂ ರಾತ್ರಿ ತಿರುಗಿ ಸವೆದ ಮಾಲು ಅವು. "ಚಲೋ ಅದಾವ" ಎಂದಷ್ಟೇ ಹೇಳಿ ದಾಟಿಸಿದೆ. ಎಂಟರಲ್ಲಿ ಎರಡು ಸತ್ತರೂ ಉಳಿದ ಆರರಿಂದ ಎಲ್ಲವೂ ಮರಳಿ ಸಿಗುವಂತೆ ಜೋಡಿಸಿದ್ದೆ. ಮೂರನೆಯದೂ ಸತ್ತರೆ ಎಲ್ಲ ಹೋದಂತೆಯೇ. ಇನ್ನೊಂದು ಪ್ರತಿ ಬೇರೆ ಕಡೆ ಇಡು ಎಂದು ಹೇಳಿದ್ದು ಮಾತ್ರ ನಿಜ. ಅವನು ನಕ್ಕ. ವರ್ಷವಿಡೀ ಕೂತು ಸಾವಿರದ ಇನ್ನೂರು ಮದುವೆ ತುಂಬಿಸಿ, ಟೇಪುಗಳನ್ನು ಗುಜರಿಗೆ ಹಾಕಿದ.

ಆಮೇಲೆ ಶುರುವಾಯಿತು ದರ್ಬಾರು. ಸಂಜೆ ನಾಲ್ಕು ಜನರನ್ನು ಕೂರಿಸಿ, ಮಂಡಕ್ಕಿ ಮಿರ್ಚಿ ತರಿಸಿ, ಕಂಡವರ ಮನೆಯ ಜಗಳ ಹಾಕಿ ತೋರಿಸುತ್ತಿದ್ದ. ನಾನೂ ಮಿರ್ಚಿ ತಿಂದು ನಕ್ಕವನೇ. ಒಂದು ಸಂಜೆ ಐರಣಿಯ ಸುಶ್ಮಿತಾ ಎಂಬ ಹುಡುಗಿಯ ಮದುವೆ ಹಾಕಿದ. ಕದರಮಂಡಲಗಿಯಲ್ಲಿ ಆದದ್ದು. ಮದುಮಗಳು ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕು, ಈ ಹುಡುಗಿಗೆ ತೊದಲು. ಮೈಲಾರೆಪ್ಪ ಮೈಕು ಹಿಡಿದು "ಕೇಳಸಲಿಲ್ಲ, ಮತ್ತೊಮ್ಮೆ" ಎಂದು ಮೂರು ಸಲ ಹೇಳಿಸಿದ್ದ.

"ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕ ಕೆಂಪು, ಐರಣಿ ಹೊಳಿ ನೀರು ಬಾಯಿಗೆ ತಂಪು, ಕಿರಣಕುಮಾರರ ಹೆಸರು ನನ್ನ ಕಿವಿಗೆ ಇಂಪು!"

ಮೂರನೆಯ ಸಲ ಎಲ್ಲೂ ತಡವರಿಸದೆ ಮುಗಿಸಿ ತಾನೇ ಚಪ್ಪಾಳೆ ತಟ್ಟಿಕೊಂಡಿದ್ದಳು. ನಾವು ಮೊದಲೆರಡು ಸಲದ ತೊದಲನ್ನು ಮತ್ತೆ ಮತ್ತೆ ಹಾಕಿಸಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಹುಡುಗಿ ಹೆರಿಗೆಯಲ್ಲಿ ಸತ್ತು ಅಷ್ಟೊತ್ತಿಗೆ ಆರು ವರ್ಷವಾಗಿತ್ತು. ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಗುತ್ತಿರಲಿಲ್ಲ ಎಂದು ಆಣೆ ಮಾಡಲಾರೆ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ನಮ್ಮ ಕಡೆ ದುಡಿಯುವ ಯಂತ್ರಗಳೆಲ್ಲ ನಿಲ್ಲಬೇಕು. ಮೈಲಾರೆಪ್ಪನ ಸರ್ವರ್ ಮಾತ್ರ ಎರಡು ವರ್ಷ ನಿಂತಿರಲಿಲ್ಲ. ಈ ಸಲ ಶೈಲಶ್ರೀ ಹಟ ಹಿಡಿದಳು.

"ಗಿರಣಿ ನಿಲ್ಲತೈತಿ, ಹೊಲಿಗಿ ಮಷೀನ್ ನಿಲ್ಲತೈತಿ, ನಿಮ್ಮದೊಂದ ತಿರಗತೈತಿ. ತಿರಗೂ ಮಷೀನಿಗೆ ಕುಂಕುಮ ಹಚ್ಚಿದ್ದಕ್ಕ ಹೋದ ವರ್ಷ ಕಾಲ ಮುರಕೊಂಡ್ರಿ."

ಪೂಜೆಯ ಹಿಂದಿನ ದಿನ ಬಂದ್ ಮಾಡಲು ಮೈಲಾರೆಪ್ಪ ನನ್ನನ್ನೂ ಕರೆದಿದ್ದ. ಅದೇ ಹೊತ್ತಿಗೆ ಸುಶ್ಮಿತಾಳ ತಾಯಿ ಹೊಳಿಯವ್ವ ಬಸ್ಸಿಳಿದು ಬಂದಳು.

"ಅಣ್ಣಾರ, ಮಗಳ ಮದುವಿ ವಿಡಿಯೋ ನಿಮ್ಮ ಕಡೆ ಐತಂತ. ಅಳಿಯ ಇನ್ನೊಂದು ಮದುವಿ ಆಗಿ, ಅಕೀದು ಎಲ್ಲಾ ಒಗದುಬಿಟ್ಟ. ಕೂಸು ಅವ್ವನ ದನಿನ ಕೇಳಿಲ್ರಿ. ಒಡಪು ಹೇಳಿದ್ದಳಲ್ರಿ, ಒಂದೂ ತಡೀದಂಗ. ಅದಷ್ಟ ಕೇಳಿಸಿದ್ರ ಸಾಕ್ರಿ."

"ಹತ್ತು ನಿಮಿಷದ್ದು, ಹಾಕಿಕೊಡು," ಎಂದೆ.

"ನೀ ಸುಮ್ನಿರು. ಕೇಳಿದ ಕೂಡ್ಲೆ ಕೊಟ್ರ ಕಿಮ್ಮತ್ತಿರೂದಿಲ್ಲ," ಎಂದು ಅವಳೆದುರಿಗೇ ಹೇಳಿ ಸರ್ವರ್ ಬಂದ್ ಮಾಡಿದ. "ದಸರಾ ದಿನ ಕೂಸಿನ್ನ ಕರಕೊಂಡು ಬರ್ರಿ."

"ಆತ್ರಿ," ಎಂದು ಅವಳು ಹೊರಟುಹೋದಳು.

ವರ್ಷಗಟ್ಟಲೆ ನಿಲ್ಲದೆ ತಿರುಗಿದ ಡಿಸ್ಕು ಒಮ್ಮೆ ನಿಂತು ತಣ್ಣಗಾದರೆ ಏಳದೆ ಹೋಗುವುದುಂಟು. ಇದು ನನಗೆ ಗೊತ್ತಿತ್ತು. ಬಂದ್ ಮಾಡಬೇಡ ಎಂದರೆ ಮಾಲು ಎಷ್ಟು ಹಳೆಯದೆಂದೂ ಬಾಯಿಬಿಡಬೇಕಾಗುತ್ತಿತ್ತು. ಅದಕ್ಕೇ ಸುಮ್ಮನಿದ್ದೆ.

ದಸರಾ ಬೆಳಿಗ್ಗೆ ಮೈಲಾರೆಪ್ಪನ ಫೋನು ಬಂತು. ಓಡಿದೆ. ಮೂರು ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡಿ ಸುಮ್ಮನಾದವು. ವೈರು ಬದಲಿಸಿದೆ, ಬೋರ್ಡು ಬದಲಿಸಿದೆ. ಏಳಲಿಲ್ಲ. ಸಾವಿರದ ಇನ್ನೂರು ಮದುವೆ ಒಂದೇ ಬೆಳಗಿಗೆ ಹೋದವು. ಮೈಲಾರೆಪ್ಪ ನನ್ನ ತೋಳು ಹಿಡಿದು, "ಊರಾಗ ಒಂದು ನರಪಿಳ್ಳೆಗೂ ಗೊತ್ತಾಗಬಾರದು," ಎಂದ. ಗೊತ್ತಾದರೆ ನಾಳೆಯಿಂದ ಅವನಿಗೆ ಹೆದರುವವರು ಯಾರು?

ಆಗಲೇ ಹೊಳಿಯವ್ವ ಮೊಮ್ಮಗಳ ಕೈಹಿಡಿದು ಬಂದಳು. ಹುಡುಗಿ ಹೊಸ ಲಂಗ ಉಟ್ಟಿತ್ತು. ಬಂದದ್ದೇ ಟಿವಿಯ ಮುಂದೆ ಕೂತುಬಿಟ್ಟಿತು.

"ನೋಡಿದೆ ಅವ್ವಾರ," ಎಂದ ಮೈಲಾರೆಪ್ಪ, ಕಣ್ಣು ಮಿಟುಕಿಸದೆ. "ನಿಮ್ಮ ಮಗಳು ಒಡಪು ಹೇಳೇ ಇಲ್ಲ. ತೊದಲತೇನಿ ಅಂತ ನಾಚಿ ತಲಿ ಕೆಳಗ ಹಾಕ್ಕೊಂಡು ಕುಂತಾಳ. ಅಕಿ ದನಿನ ಇಲ್ಲ ಅದರಾಗ. ಏನಂತ ತೋರಸ್ಲಿ?"

"ಹೌದೇನ್ರಿ?" ಹೊಳಿಯವ್ವ ಮೊಮ್ಮಗಳ ಕಡೆ ನೋಡಿದಳು. "ನನಗ ಹೇಳಿದಂಗ ನೆನಪಿತ್ರಿ. ಒಮ್ಮೆನೂ ತಡೀಲಿಲ್ಲ ಅಂತ ಕೂಸಿಗೆ ದಿನಾ ಹೇಳತಿದ್ನಿ."

"ವಯಸ್ಸಾತಲ್ರಿ."

ಒಡಪಿನ ಮೂರೂ ಸಾಲು ನನಗೆ ಬಾಯಿಪಾಠವಿತ್ತು. ಹೇಳಬಹುದಿತ್ತು. ಹೇಳಿದರೆ ಡಿಸ್ಕಿನ ಮಾತೂ ಹೊರಬೀಳುತ್ತಿತ್ತು. ತಲೆ ಬಗ್ಗಿಸಿ ನೆಲದ ಮೇಲಿನ ಸ್ಕ್ರೂ ಆರಿಸುತ್ತ ಕೂತೆ. ಅವನನ್ನು ಕೆಟ್ಟವನೆನ್ನುವ ಹಕ್ಕು ನನಗಿಲ್ಲ.

ಹೊಳಿಯವ್ವ ಸೆರಗಿನಿಂದ ಬನ್ನಿ ಎಲೆ ತೆಗೆದು ನಮ್ಮಿಬ್ಬರ ಕೈಗೂ ಕೊಟ್ಟು, "ಬಂಗಾರದಂಗ ಇರೂಣ್ರಿ," ಎಂದಳು. ಮೆಟ್ಟಿಲಿಳಿಯುವಾಗ ಮೊಮ್ಮಗಳಿಗೆ ಹೇಳುತ್ತಿದ್ದುದು ಒಳಗೆ ಕೇಳಿಸಿತು.

"ನಿಮ್ಮವ್ವ ಏನೂ ಹೇಳಿರಲಿಲ್ಲಂತ. ನಾನ ನಿನಗ ಸುಳ್ಳ ಹೇಳೇನಿ ಕೂಸ."