ಯಾರೂ ಇಲ್ಲದ ಮನ್ಯಾಗ ನೀರು ಕೊಟ್ಟಾಕಿ

ನಂದಾನ ಸಿಟ್ಟು ಗೊತ್ತಿಲ್ಲದಾಂವ ವಿಜಯಪುರದ ಸಿದ್ಧೇಶ್ವರ ಗುಡಿ ಓಣ್ಯಾಗ ಹೊಸಬ ಇರಬೇಕು, ಇಲ್ಲಾ ಕಿವುಡ ಇರಬೇಕು. ಕಾಯಿಪಲ್ಲೆ ಮಾರೂ ಬುಡ್ಡೇಸಾಬ ಆಕಿ ದೂರದಾಗ ಕಂಡಕೂಡಲೆ ಕೊಳತ ಬದನಿಕಾಯಿ ಬುಟ್ಟಿ ಹಿಂದ ಸರಸ್ತಿದ್ದ. ಒಮ್ಮೆ ಬಸ್ಸಿನ್ಯಾಗ ಹೆಣ್ಣಮಕ್ಕಳ ಸೀಟು ಹಿಡದು ನಿದ್ದಿ ಬಂದಂಗ ನಟಿಸಿದ ಗಂಡಸೊಬ್ಬ, ಆಕಿ ಬಾಯಿ ತೆಗದ ಮ್ಯಾಲ ತನ್ನ ಊರು ಬರೂಕಿಂತ ಮೊದಲ ಇಳದು ಹೋಗಿದ್ದ. ಮೂಗಿನ ತುದೀಗೆ ಸಿಟ್ಟು ಅಂತಾರಲ್ಲ, ನಂದಾಂದು ಹಂಗಲ್ಲ. ಮೂಗು ಎಲ್ಲಿ ಮುಗೀತು, ಸಿಟ್ಟು ಎಲ್ಲಿ ಸುರು ಆತು ಅಂತ ಹೇಳಾಕ ಬರತಿದ್ದಿಲ್ಲ. ಆದ್ರ ಒಂದು ಮಾತು ಖರೆ, ಕಾರಣ ಇಲ್ಲದ ಆಕಿ ಒದರಿದ್ದಿಲ್ಲ.

ಗುಡಿ ಹಿಂದಿನ ಓಣ್ಯಾಗ, ಬಟ್ಟಿ ಅಂಗಡಿ ಮ್ಯಾಲಿನ ಮಾಳಗ್ಯಾಗ ಆಕಿ ಆಫೀಸು. ಸರ್ವೆ ಮಾಡೂ ಆಫೀಸದು. ಹಳ್ಳಿ ಮಂದಿ ಏನು ತಿಂತಾರ, ಯಾವ ಸಾಬಾಣ ಹಚ್ಚತಾರ, ಮಕ್ಕಳನ್ನ ಯಾವ ಸಾಲಿಗೆ ಹಾಕತಾರ, ಯಾರಿಗೆ ಏನು ತಿಳಕೋಬೇಕಾಗೇತಿ ಅವರು ಇಲ್ಲಿ ಬರತಿದ್ರು. ಊರೂರು ತಿರಗಿ ಕೇಳಕೊಂಡು ಬರೂದು ಫೈಜಲ ಮತ್ತ ಮಿನಾಜ ಇಬ್ಬರ ಕೆಲಸ. ಕೇಳೂ ಪ್ರಶ್ನೆ ಬರಿಯೂದು, ಬಂದ ಉತ್ತರ ಜರಡಿ ಹಿಡದು ಲೆಕ್ಕ ಮಾಡೂದು, ಕಡೀಕ ನಾಕು ಮಂದಿ ಮುಂದ ನಿಂತು ಹೇಳೂದು ನಂದಾನ ಕೆಲಸ. ಮಾಲಕ ಸಿದ್ದರಾಮಂದು ಸಹಿ ಮಾಡೂದು, ಛಾ ಕುಡಿಯೂದು.

ಈ ಸಲ ಕೆಲಸ ಕೊಟ್ಟಿದ್ದು ಸೋಲಾಪುರ ಕಡೆಯ ಒಂದು ಸಂಸ್ಥೆ. ಅವರ ಹಂತೇಕ ಒಂದು ದವಾಖಾನಿ ಗಾಡಿ ಇತ್ತು. ಡಾಕ್ಟರು, ನರ್ಸು, ರಕ್ತ ತಪಾಸಣಿ, ಗುಳಿಗಿ, ಎಲ್ಲಾ ಅದರಾಗ. ಹಗಲಿನ್ಯಾಗ ಹಳ್ಳಿಗೆ ಹೋಗಿ ಮನ್ಯಾಗಿರೂ ಹೆಣ್ಣಮಕ್ಕಳನ್ನ ನೋಡೂದು ಅವರ ಬೇತು. ಗಾಡಿ ಒಂದ, ಊರು ಭಾಳ. ತಿಕೋಟಾ ಕಡೆ ಹಳ್ಳಿಗೆ ಕಳಸಬೇಕೊ, ಬಬಲೇಶ್ವರ ಕಡೆ ಕಳಸಬೇಕೊ? ಎಲ್ಲಿ ಹಗಲಿನ್ಯಾಗ ಮನ್ಯಾಗ ಮಂದಿ ಸಿಗತಾರ, ಅದನ್ನ ತಿಳಕೊಂಡು ಹೇಳ್ರಿ ಅಂದ್ರು.

ಫೈಜಲ ತಿಕೋಟಾ ಕಡೆ ಹೋದ. ಮಿನಾಜ ಬಬಲೇಶ್ವರ ಕಡೆ ಹೋದ್ಳು. ಲೆಕ್ಕ ಬಂತು. ಬಬಲೇಶ್ವರ ಕಡೆ ಮನಿ ಮನಿ ತುಂಬ ಮಂದಿ. ತಿಕೋಟಾ ಕಡೆ ಕಳ್ಳಕವಟಗಿ, ಘೋಣಸಗಿಯಂಥ ಊರಾಗ ಅರ್ಧಕ್ಕಿಂತ ಹೆಚ್ಚು ಮನಿ ಖಾಲಿ. ನಂದಾ ಅದನ್ನ ನೋಡಿ, ಈ ಕಡೆ ಹೆಣ್ಣಮಕ್ಕಳು ಹಗಲೆಲ್ಲಾ ದ್ರಾಕ್ಷಿ ತ್ವಾಟಕ್ಕ ಹೋಗತಾರ, ಅದಕ್ಕ ಮನಿ ಖಾಲಿ ಅಂತ ಕಾರಣ ಸೈತ ಚಂದಾಗಿ ಬರದು ರಿಪೋರ್ಟ್ ಮುಗಿಸಿದ್ಳು. ಘೋಣಸಗಿ ಆಕಿ ಹುಟ್ಟಿದ ಊರು. ಕಳ್ಳಕವಟಗಿ ಅಕ್ಕ ಗುರುಸಿದ್ದವ್ವನ ಗಂಡನ ಊರು. ಆದ್ರ ಲೆಕ್ಕಕ್ಕ ತವರಮನಿ ಇರೂದಿಲ್ಲ ಅಂತ ತನಗ ತಾನ ಹೇಳಿಕೊಂಡ್ಳು.

ಆ ಗುರುಸಿದ್ದವ್ವ ಬರೇ ಅಕ್ಕ ಅಲ್ಲ. ಅವ್ವ ಸತ್ತ ಮ್ಯಾಲ ತಾನು ಸಾಲಿ ಬಿಟ್ಟು, ಒಲಿ ಮುಂದ ಕುಂತು, ತಂಗೀನ ತಿಕೋಟಾದ ಹೈಸ್ಕೂಲಿಗೆ ಕಳಿಸಿದಾಕಿ. ಈಗ ಸಕ್ಕರಿ ರೋಗ. ಹಿಮ್ಮಡದಾಗ ಒಂದು ಹುಣ್ಣು ಆಗಿ ಮಾಯವಲ್ದಾಗಿತ್ತು. ವಿಜಯಪುರಕ್ಕ ಬಾ ಅಂದ್ರ, ಇಂದು ಆಕಳ, ನಾಳೆ ಮೊಮ್ಮಗ, ನಾಡದು ರಾಶಿ. ಗಾಡಿ ಊರಿಗೆ ಬಂದ್ರಷ್ಟ ಆ ಕಾಲಿಗೆ ಔಷಧ.

ಸೋಲಾಪುರದವರು ನಾಳೆ ಬರತಾರ ಅನ್ನೂವಾಗ ಅಕ್ಕ ಫೋನ್ ಮಾಡಿದ್ಳು.

"ನಂದಾ, ನೀ ಅಂದಿದ್ದ ದವಾಖಾನಿ ಗಾಡಿ ಯಾವಾಗ ಬರತೈತಿಬೇ? ಕಾಲು ನೆಲಕ್ಕ ಊರಾಕ ಬರವಲ್ದು."

"ನಿಮ್ಮ ಊರಿಗೆ ಬರೂದಿಲ್ಲಕ್ಕಾ," ಅಂದ್ಳು ನಂದಾ. "ನಿಮ್ಮ ಓಣ್ಯಾಗ ಹಗಲಿನ್ಯಾಗ ಯಾರೂ ಇರೂದಿಲ್ಲಂತ ಸರ್ವೆದಾಗ ಬಂದೈತಿ."

"ಯಾರ ಹಂಗಂದಾಂವ? ನಿಮ್ಮ ಆಫೀಸಿನಾಂವ ಬಂದಿದ್ನಲ್ಲ, ಕೊಳ್ಳಾಗ ಫೋಟೋ ಕಾರ್ಡಿನ ಪಟ್ಟಿ ಹಾಕ್ಕೊಂಡಾಂವ. ಪಾಪ, ಬಿಸಲಾಗ ಬಂದಿದ್ದ. ನಾನ ಬೆಲ್ಲ ನೀರು ಕೊಟ್ನಿ. ಕುಡದು ಹೋದ."

ನಂದಾ ಫೋನ್ ಇಟ್ಳು. ಪರದೆ ಮ್ಯಾಲ ನಾಳೆ ತೋರಸೂ ನಕಾಶಿ ಇತ್ತು. ಖಾಲಿ ಮನಿಗೆಲ್ಲಾ ಕರೇ ಬಣ್ಣ. ಅಕ್ಕನ ಮನಿ ಕರೇದು. ಓಣಿಗೆ ಓಣಿನ ಕರೇದು.

"ಫೈಜಲಾ!"

ಫೈಜಲ ಎರಡು ಮಕ್ಕಳ ತಂದಿ, ಕೆಲಸದಾಗ ಕಳ್ಳತನ ಗೊತ್ತಿಲ್ಲದಾಂವ. ಓಡಿ ಬಂದ.

"ಕಳ್ಳಕವಟಗ್ಯಾಗ ಬೇವಿನ ಗಿಡದ ಬಾಜೂ ಮನ್ಯಾಗ ನಿನಗ ಬೆಲ್ಲ ನೀರು ಕೊಟ್ಟಾರ್ಯಾರು?"

"ಆ ಮನಿ ಹೆಣ್ಣಮಗಳು ಅಕ್ಕಾ. ಕಾಲಿಗೆ ಅರಿಬಿ ಸುತ್ತಿದ್ರು. ಬ್ಯಾಡ ಅಂದ್ರೂ ಕುಂಟಕೋತ ಒಳಗ ಹೋಗಿ ತಂದ್ರು."

"ಮತ್ತ ಟ್ಯಾಬಿನ್ಯಾಗ ಏನು ಒತ್ತಿದಿ?"

"ಯಾರೂ ಇಲ್ಲ ಅಂತ ಒತ್ತಿದೆ. ಮನ್ಯಾಗ ಯಾರ ಅದಾರ್ರಿ ಅಂತ ಕೇಳಿದೆ. ಯಾರೂ ಇಲ್ರಿ ಅಂತ ಅವರ ಹೇಳಿದ್ರಲ್ಲ!"

"ಏ ಮಂಗ್ಯಾ! ಯಾರೂ ಇಲ್ಲದ ಮನ್ಯಾಗ ನೀರು ದೆವ್ವ ತಂದು ಕೊಟ್ಟಿತೇನ? ಬೆಲ್ಲ ತಾನ ನಡಕೊಂಡ ಬಂತೇನ?"

ಕೆಳಗ ಬಟ್ಟಿ ಅಂಗಡ್ಯಾಗ ಸೀರಿ ನೋಡಾಕತ್ತ ಹೆಣ್ಣಮಕ್ಕಳು ಮ್ಯಾಲ ಮಾರಿ ಎತ್ತಿದ್ರು.

ನಮ್ಮ ಕಡೆ ಹೆಣ್ಣಮಗಳು ಹೊಸ್ತಿಲದಾಗ ನಿಂತು ಯಾರೂ ಇಲ್ಲ ಅಂದ್ರ, ಗಂಡಸರು ಇಲ್ಲ ಅಂತ ಅರ್ಥ. ಇದು ತೊಟ್ಟಲ ಕೂಸಿಗೂ ಗೊತ್ತು. ಮನಿ ತುಂಬ ಅತ್ತಿ, ಸೊಸಿ, ಮಗಳು ಇದ್ರೂ ಯಾರೂ ಇಲ್ಲ! ಸುಡ್ಲಿ ಈ ಮಾತು. ಮೂರು ಜೀವ ಇರೂ ಮನಿಗೆ ಖಾಲಿ ಅಂತ ತಾವ ಹೇಳಿ ಕಳಸೂದು, ಹೇಳಿ ಮತ್ತ ನೀರು ಕೊಡೂದು.

"ನನಗ ಹಂಗ ಯಾರೂ ಅಂದಿಲ್ಲಕ್ಕಾ," ಅಂದ್ಳು ಮಿನಾಜ. "ನಾ ಬಾಗಲಕ್ಕ ಹೋದ್ರ, ಬಾ ಯವ್ವಾ ಒಳಗ, ಅಂತ ಕೈ ಹಿಡದು ಕುಂದರಸ್ತಿದ್ರು."

ಅಷ್ಟ ಆಗಿತ್ತು ನೋಡ್ರಿ. ಬಬಲೇಶ್ವರ ಕಡೆ ಕೇಳಿದಾಕಿ ಹೆಣ್ಣಮಗಳು, ಮನಿ ತುಂಬಿತು. ತಿಕೋಟಾ ಕಡೆ ಕೇಳಿದಾಂವ ಗಂಡಸು, ಮನಿ ಖಾಲಿ ಆತು. ದ್ರಾಕ್ಷಿ ತ್ವಾಟದ ಕಾರಣ ಎಲ್ಲಾ ನಂದಾನ ತಲ್ಯಾಗ ಬೆಳದ ದ್ರಾಕ್ಷಿ.

"ನಿನಗ ಬುದ್ಧಿ ಇದ್ದಿಲ್ಲೇನ? ಒಂದ ಮಾತು ನನ್ನ ಕೇಳಬಾರದೇನ?" ಅಂತ ಆಕಿ ಮತ್ತ ಫೈಜಲನ ಮ್ಯಾಲ ಹರಿಹಾಯ್ದಳು.

ಫೈಜಲ ತಲಿ ತಗ್ಗಿಸಿದ. "ಕೇಳಿದ್ದೆ ಅಕ್ಕಾ. ಮೊದಲನೇ ದಿನ ಫೋನ್ ಮಾಡಿದ್ದೆ. ಹೆಣ್ಣಮಕ್ಕಳು ಕಾಣತಾರ, ಯಾರೂ ಇಲ್ಲ ಅಂತಾರ, ಏನು ಒತ್ತಲಿ ಅಂದೆ. ಅವರು ಏನಂತಾರ ಅದನ್ನ ಒತ್ತು, ನಿನ್ನ ಶಾಣ್ಯಾತನ ಹಚ್ಚಬ್ಯಾಡ ಅಂತ ನೀವ ಬೈದ್ರಿ."

ನಂದಾಗ ನೆನಪಾತು. ಅವತ್ತು ಬಸ್ಸು ತಪ್ಪಿತ್ತು, ತಲಿ ಅನ್ನೂದು ಮಸರ ಗಡಗಿ ಆಗಿತ್ತು, ಇವನ ಮಾತು ಪೂರಾ ಕೇಳೂಕಿಂತ ಮೊದಲ ಒದರಿ ಫೋನ್ ಕಟ್ ಮಾಡಿದ್ಳು. ಊರ ಮ್ಯಾಲ ಮಾಡೂ ಸಿಟ್ಟು ಅಕ್ಕನ ಕಾಲಿಗೆ ಬಂದು ಬಡದಿತ್ತು. ಆಕಿಗೆ ತನ್ನ ಕಪಾಳಕ್ಕ ತಾನ ಹೊಡಕೋಬೇಕು ಅನ್ನಿಸಿತು.

ನೆಟ್ಟಗ ಸಿದ್ದರಾಮನ ಖೋಲಿಗೆ ಹೋಗಿ, "ರಿಪೋರ್ಟ್ ತಪ್ಪೈತ್ರಿ. ತಿಕೋಟಾ ಕಡೆ ಮತ್ತೊಮ್ಮೆ ಕೇಳಬೇಕು," ಅಂದ್ಳು. ಆಗಿದ್ದು ಎಲ್ಲಾ ಹೇಳಿದ್ಳು.

ಸಿದ್ದರಾಮ ಛಾದ ಕಪ್ಪು ಕೆಳಗ ಇಡಲಿಲ್ಲ. "ನಂದಾ ಬಾಯಾರ, ಹುಚ್ಚು ಹಿಡದೈತೇನು? ರಿಪೋರ್ಟ್ ಆಗಲೇ ಕಳಸೇವಿ. ನಾಳೆ ಅವರು ಬರಾಕತ್ತಾರ. ನಾವೇನು ಸುಳ್ಳು ಬರದಿಲ್ಲ. ಮಂದಿ ಹೇಳ್ಯಾರ, ಬರದೇವಿ."

"ಮಾತು ಬರದೇವ್ರಿ. ಅರ್ಥ ಬರದಿಲ್ಲ."

"ಪ್ರಶ್ನೆ ಬರದಾಕಿ ನೀವು. ತಪ್ಪು ಅಂದ್ರ ನಿಮ್ಮ ಹೆಸರ ಹೊರಗ ಬರತೈತಿ. ನಿಮ್ಮನ್ನ ಇಟ್ಟಕೊಂಡು ನಾ ಮುಂದ ಹೆಂಗ ಕೆಲಸ ತರಲಿ? ವಿಚಾರ ಮಾಡ್ರಿ."

ಅಷ್ಟರಾಗ ಅವನ ಫೋನ್ ಬಡೀತು. ಸೋಲಾಪುರದ ಮೇಡಮ್ಮಾರು. ತಿಕೋಟಾ ಕಡೆ ಲೆಕ್ಕದಾಗ ಏನೊ ಕೇಳೂದೈತಿ, ಲೆಕ್ಕ ಮಾಡಿದವರು ಯಾರರೆ ಅದಾರೇನು ಅಂತ ಕೇಳೂದು ನಂದಾಗೂ ಕೇಳಿಸಿತು. ಸಿದ್ದರಾಮ ಆಕಿ ಮಾರಿ ನೋಡಕೋತ, ಕಣ್ಣು ಪಿಳಕಿಸದ ಹೇಳಿದ:

"ಇಲ್ರೀ ಮೇಡಂ. ಆಫೀಸಿನ್ಯಾಗ ಈಗ ಯಾರೂ ಇಲ್ರಿ."

ಅಂಗಾಲಿನ ಬೆಂಕಿ ನೆತ್ತಿಗೆ ಏರಿತು. ಎದುರಿಗೆ ಆರು ಅಡಿ ಅಂತರದಾಗ ನಿಂತ ಹೆಂಗಸು ಇವನ ಕಣ್ಣಿಗೆ ಯಾರೂ ಅಲ್ಲ! ಆದ್ರ ನಂದಾ ಒದರಲಿಲ್ಲ. ಸುಮ್ನ ಹೊರಗ ಬಂದು ತನ್ನ ಕುರ್ಚಿ ಮ್ಯಾಲ ಕುಂತ್ಳು. ಒದರದ ನಂದಾನ್ನ ನೋಡಿ ಮಿನಾಜಗ ಖರೇನ ಅಂಜಿಕಿ ಬಂತು.

ಮರದಿನ ಮಾಳಗ್ಯಾಗ ಕುರ್ಚಿ ಹಾಕಿ, ಬಾಜೂಕ ಬಿಸ್ಕೀಟು ಇಟ್ಟು, ಸಭಾ ಸುರು ಆತು. ಸೋಲಾಪುರದ ಮೇಡಮ್ಮಾರು ಕನ್ನಡಕ ಏರಿಸಿ ಕುಂತ್ರು. ನಂದಾ ಬಬಲೇಶ್ವರದ ಲೆಕ್ಕ ಹೇಳಿದ್ಳು. ಆಮ್ಯಾಲ ಕರೇ ನಕಾಶಿ ಪರದೆ ಮ್ಯಾಲ ಬಂತು.

"ಈ ಕರೇ ಮನಿ ಎಲ್ಲಾ ಖಾಲಿ ಅಂತ ಬರದೇನಿ," ಅಂದ್ಳು. "ಅದು ತಪ್ಪು. ಈ ಮನ್ಯಾಗೆಲ್ಲಾ ಹೆಣ್ಣಮಕ್ಕಳು ಅದಾರ್ರಿ. ಯಾರದೀರಿ ಅಂತ ಗಂಡಸು ಬಂದು ಕೇಳಿದ್ರ, ಗಂಡಸರಿಲ್ಲ ಅನ್ನೂದಕ್ಕ ಯಾರೂ ಇಲ್ಲ ಅಂತಾರ. ನಾವು ಕರೇ ಬಣ್ಣ ಹಚ್ಚಿ ಕುಂತೇವಿ."

ಸಿದ್ದರಾಮ ಕೆಮ್ಮಿದ. ಮತ್ತೊಮ್ಮೆ ಕೆಮ್ಮಿದ.

"ಪ್ರಶ್ನೆ ಬರದವರು ಯಾರು?" ಅಂತ ಮೇಡಮ್ಮಾರು ಕೇಳಿದ್ರು.

"ನಾನ ರೀ. ಏನು ಒತ್ತಲಿ ಅಂತ ಕೇಳಿದಾಂವನ ಬಾಯಿ ಮುಚ್ಚಿಸಿದಾಕಿನೂ ನಾನ. ಉಪ್ಪು ತಿಂದಾಕಿ ನೀರು ಕುಡೀಬೇಕು, ಕುಡೀತೇನಿ. ಕೆಲಸದಿಂದ ತೆಗೀತಾರಂದ್ರ ತೆಗೀಲಿ. ಆದ್ರ ಇದ್ದ ಜೀವ ಇಲ್ಲ ಅಂತ ಇನ್ನೊಮ್ಮೆ ನನ್ನ ಬಾಯಿಲೆ ಹೇಳೂದಿಲ್ಲ."

"ಇಷ್ಟು ಸಿಟ್ಟು ಯಾರ ಮ್ಯಾಲ?"

"ನನ್ನ ಮ್ಯಾಲ್ರಿ. ಬಾಗಲದಾಗ ನಿಂತು ತಾವ ಇಲ್ಲ ಅನ್ನೂ ನಮ್ಮ ಅಕ್ಕತಂಗೇರ ಮ್ಯಾಲ. ಹಂಗ ಅನ್ನಾಕ ಕಲಿಸಿದವರ ಮ್ಯಾಲಂತೂ ಕೇಳಬ್ಯಾಡ್ರಿ."

ಮೇಡಮ್ಮಾರು ನಗಲಿಲ್ಲ. ಹೊಗಳಲೂ ಇಲ್ಲ. "ಬರೇ ಮಾತಿನ ಮ್ಯಾಲ ಗಾಡಿ ಕಳಸಾಕ ಬರೂದಿಲ್ಲ," ಅಂದ್ರು. "ಒಂದು ದಿನ ಕಳ್ಳಕವಟಗಿಗೆ ಕಳಸತೇವಿ. ಹೆಣ್ಣಮಕ್ಕಳು ಬಂದ್ರ ಎರಡೂ ಕಡೆ ಗಾಡಿ ಹಂಚೂಣು. ಬರಲಿಲ್ಲಂದ್ರ ನಿಮ್ಮ ಮೊದಲಿನ ಲೆಕ್ಕಾನ ಖರೆ ಅಂತ ತಿಳಕೋತೇವಿ."

ಗಾಡಿ ಹೋದ ದಿನ ಕಳ್ಳಕವಟಗ್ಯಾಗ ಬಿಸಲು ಚುರುಚುರು ಅಂತಿತ್ತು. ಊರ ಮುಂದ ಗಾಡಿ ನಿಂತು, ಮೈಕಿನ್ಯಾಗ ಕರದ್ರು. ಮತ್ತ ಕರದ್ರು. ಒಬ್ಬ ಮುದುಕ ಬಂದು ಕೆಮ್ಮಿನ ಔಷಧ ಇಸ್ಕೊಂಡು ಹೋದ. ಒಂದು ನಾಯಿ ಗಾಡಿ ನೆರಳಿಗೆ ಬಂದು ಮಲಕೊಂತು. ಹೆಣ್ಣಮಕ್ಕಳು ಒಬ್ಬರೂ ಇಲ್ಲ. ನರ್ಸು ಕೈ ಕಟ್ಟಿ ಕುಂತ್ಳು. ನಂದಾ, ಫೈಜಲ, ಮಿನಾಜ ಬಂದಿದ್ರು, ಸಿದ್ದರಾಮನೂ ಬಂದಿದ್ದ. ಮೀಸ್ಯಾಗ ನಕ್ಕ.

"ನೋಡ್ರಿ ಬಾಯಾರ. ಯಾರೂ ಇಲ್ಲ."

ನಂದಾ ಸೆರಗು ಸೊಂಟಕ್ಕ ಸಿಗಿಸಿ ಅಕ್ಕನ ಮನಿಗೆ ದಡದಡ ಹೋದ್ಳು. ಗುರುಸಿದ್ದವ್ವ ಒಲಿ ಮುಂದ ರೊಟ್ಟಿ ಬಡ್ಯಾಕತ್ತಿದ್ಳು, ಅರಿಬಿ ಸುತ್ತಿದ ಕಾಲು ಉದ್ದಕ ಚಾಚಿ.

"ಮೈಕಿನ್ಯಾಗ ಹೊಯ್ಕೊಳ್ಳಾಕತ್ತಾರ, ಕಿವ್ಯಾಗ ಹತ್ತಿ ಇಟ್ಟೀಯೇನಬೇ? ನಿನ್ನ ಸಲುವಾಗಿ ನಾಕು ಮಂದ್ಯಾಗ ನಾ ಮಾನಗೇಡಿ ಆಗೇನಿ! ನೀ ನೋಡಿದ್ರ ಇಲ್ಲಿ ರೊಟ್ಟಿ ಬಡಕೋತ ಕುಂತಿ!"

ಅಕ್ಕ ಕೈ ನಿಲ್ಲಸಲಿಲ್ಲ. "ಹೆಂಗ ಬರಲಿಬೇ? ಸೊಸಿ ಹೊಲಕ್ಕ ಹೋಗ್ಯಾಳ. ಕೂಸು ತೊಟ್ಟಲದಾಗ ಮಲಗೇತಿ. ಆಕಳ ಇವತ್ತೊ ನಾಳೆಯೊ ಈಯೂವಂಗ ಐತಿ. ಬಿಟ್ಟ ಹೆಂಗ ಬರಲಿ? ಮನ್ಯಾಗ ಯಾರೂ ಇಲ್ಲ."

ಮತ್ತ ಅದ ಮಾತು ನಂದಾನ ಕಿವಿಗೆ ಬಿತ್ತು. ಆ ಮಾತು ತನಗ ತಿಳದೈತಿ ಅಂತ ಸಭಾದಾಗ ಹೇಳಿ ಬಂದಿದ್ಳು. ಎಲ್ಲಿ ತಿಳದಿತ್ತು, ಮಣ್ಣು! ಅಕ್ಕ ಸುಳ್ಳು ಹೇಳಿದ್ದಿಲ್ಲ. ತಾನು ಎದ್ದು ಹೋದ್ರ ಆ ಮನಿ ನೋಡವರು ಖರೇನ ಯಾರೂ ಇದ್ದಿಲ್ಲ. ಸಾಲಿ ಬಿಟ್ಟ ದಿನದಿಂದ ಇದ್ದಿಲ್ಲ. ಹಂಗಂತ ತನ್ನ ಪ್ರಶ್ನ್ಯಾಗ ಒಂದು ಸಾಲರೆ ಇತ್ತೇನು? ನೀ ಹೋದ್ರ ಮನಿ ಯಾರ ನೋಡತಾರ ಅಂತ ಯಾರರೆ ಕೇಳಿದ್ರೇನು? ಸಿಟ್ಟು ಬಂದು ಕಣ್ಣಾಗ ನೀರು ತಂತು.

ಅಕ್ಕನ ಕೈಯಾಗಿನ ಹಿಟ್ಟು ಕಸಗೊಂಡ್ಳು. "ಏಳು."

"ಏ ಹುಚ್ಚೀ, ರೊಟ್ಟಿ ಹೊತ್ತತಾವ..."

"ಹೊತ್ತಲಿ! ಏಳು ಅಂದ್ರ ಏಳು. ನಾ ಅದೀನಿ. ಹೋಗು."

ಅಕ್ಕನ್ನ ರಟ್ಟಿ ಹಿಡದು ಎಬ್ಬಿಸಿ ಹೊಸ್ತಿಲ ದಾಟಿಸಿದ್ಳು. ಹಿಂದ ಬಂದು ಹೊರಗ ನಿಂತಿದ್ದ ಮಿನಾಜಗ, "ಎದುರ ಮನ್ಯಾಗ ಹೋಗಿ ಕೂಸು ತೂಗು, ಆ ಮನಿ ಬಾಣಂತಿನ ಗಾಡಿಗೆ ಕಳಸು," ಅಂದ್ಳು. "ಫೈಜಲಾ, ಮೂಲಿಮನಿ ಆಯಿ ಅಂಗಳದಾಗ ಜ್ವಾಳ ಹರವ್ಯಾಳ. ದನ ಬಾಯಿ ಹಾಕದಂಗ ಕೋಲು ಹಿಡದು ಕುಂದರು. ಆಯಿ ಬರೂಮಟಾ ಏಳಬ್ಯಾಡ." ಫೈಜಲ ಈ ಸಲ ಏನೂ ಕೇಳದ ಹೋದ.

ಓಣಿಗುಂಟ ಗುರುಸಿದ್ದವ್ವ ಕುಂಟಕೋತ ಹೊಂಟ್ಳು. ಆಕೀನ ನೋಡಿ ಮತ್ತೊಬ್ಬಾಕಿ ಬಾಗಲದಾಗ ಬಂದ್ಳು. ಬಾಜೂ ಮನ್ಯಾಕಿಗೆ ಸ್ವಲ್ಪ ನಮ್ಮ ಮನಿ ನೋಡವ್ವಾ ಅಂತ ಹೇಳಿ ಇನ್ನೊಬ್ಬಾಕಿ ಇಳದ್ಳು. ಸ್ವಲ್ಪ ಹೊತ್ತಿನ್ಯಾಗ ಊರ ಮುಂದ ಗಲಾಟಿ ಕೇಳಾಕತ್ತಿತು. ಸಾಲು ಹಚ್ಚಿ ನಿಲ್ರಬೇ ಅಂತ ನರ್ಸು ಒದರಾಕತ್ತಿದ್ಳು.

ಸಾಲು ಉದ್ದ ಆಗಿ ಹೆಸರು ಬರಕೊಳ್ಳವರು ಬೇಕಾದ್ರು. ನಂದಾನ್ನ ಹುಡಕೋತ ಸಿದ್ದರಾಮ ಓಣ್ಯಾಗ ಬಂದ. ಗುರುಸಿದ್ದವ್ವನ ಮನಿ ಬಾಗಲ ತೆರದಿತ್ತು. ಒಳಗ ಕತ್ತಲಿ. ಹೊರಗ ನಿಂತು ಕೂಗಿದ:

"ಯಾರ ಅದೀರಿ ಮನ್ಯಾಗ?"

ಬಗಲಾಗ ಕೂಸು, ಮೊಣಕೈ ಮಟಾ ಹಿಟ್ಟು, ಹೊಗಿಗೆ ಕೆಂಪಾದ ಕಣ್ಣು, ನಂದಾ ಹೊಸ್ತಿಲಕ್ಕ ಬಂದು ನಿಂತ್ಳು.

"ನಾ ಅದೀನಿ," ಅಂದ್ಳು. "ಬರಕೋರಿ."