ನಮ್ಮ ರೇಡಿಯೊದ ಮೂರನೇ ಕೇಳುಗರು

ನಮ್ಮ ರೇಡಿಯೊ ಶುರುವಾದ ಮೊದಲ ಕೆಲವು ತಿಂಗಳು ಅದನ್ನು ಕೇಳುತ್ತಿದ್ದವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬಳು ನನ್ನ ಗೆಳತಿ. ಅದನ್ನು ನಡೆಸುತ್ತಿದ್ದವರೂ ನಾವೇ.

ನಾವಿಬ್ಬರೂ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕೆಲಸಕ್ಕಿದ್ದೆವು. ನಾನು ಸೋಮನೂರಿನವಳು. ನಮ್ಮದು ಎಷ್ಟೋ ತಲೆಮಾರಿನಿಂದ ಅಲ್ಲೇ ನೇಯುತ್ತಿರುವ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಗೆಳತಿ ದಾವಣಗೆರೆಯಿಂದ ಡಿಸೈನ್ ಕೆಲಸಕ್ಕೆ ಬಂದವಳು. ಒಂದು ದಿನ ಊಟದ ಹೊತ್ತಿನಲ್ಲಿ ನನ್ನ ಕಿವಿಯಿಂದ ಜಾರಿದ ಇಯರ್‌ಫೋನನ್ನು ಎತ್ತಿ ಕೊಡುವ ಮೊದಲು ತನ್ನ ಕಿವಿಗೆ ಹಿಡಿದು ನೋಡಿದಳು. ಯಾವನೋ ಗಿಟಾರನ್ನು ಪರಪರ ಹರಿಯುವಂತೆ ಬಾರಿಸುತ್ತಿದ್ದ. ಅವಳು ಇಯರ್‌ಫೋನ್ ವಾಪಸ್ಸು ಕೊಡಲಿಲ್ಲ. ನನ್ನ ಪಕ್ಕವೇ ಕೂತು, ಹಾಡು ಮುಗಿಯುವವರೆಗೂ ಒಂದೊಂದು ಕಿವಿಯಲ್ಲಿ ಹಂಚಿಕೊಂಡು ಕೇಳಿದೆವು. ಅವಳ ಮೊಸರನ್ನ ಹಾಗೇ ಉಳಿಯಿತು. ಮುಂದಿನ ತಿಂಗಳೇ ಅವಳು ನಮ್ಮ ಬೀದಿಗೆ ಬಾಡಿಗೆಗೆ ಬಂದಳು.

ಕೊಯಮತ್ತೂರಿನ ಕಾಲೇಜುಗಳಲ್ಲಿ, ಕೊಚ್ಚಿಯಲ್ಲಿ, ಬೆಂಗಳೂರಿನಲ್ಲಿ ಸಣ್ಣಸಣ್ಣ ರಾಕ್ ತಂಡಗಳಿದ್ದವು. ಯಾವ ರೇಡಿಯೊದವರೂ ಅವರ ಹಾಡು ಹಾಕುತ್ತಿರಲಿಲ್ಲ. ನಾವು ಹಾಕೋಣ ಎಂದುಕೊಂಡೆವು. ಒಂದು ಹಳೆಯ ಕಂಪ್ಯೂಟರ್, ಒಂದು ಮೈಕ್, ಇಂಟರ್‌ನೆಟ್ ಇದ್ದರೆ ರೇಡಿಯೊ ಆಗುತ್ತದೆ ಎಂದು ಗೊತ್ತಾದಾಗ ಇಬ್ಬರೂ ರಸ್ತೆಯಲ್ಲೇ ಕೈ ಹಿಡಿದು ಕುಣಿದಿದ್ದೆವು. ತಂಡದವರಿಗೆ ಬರೆದು ಕೇಳಿದೆವು; ಎಲ್ಲರೂ ಖುಷಿಯಿಂದ ಹಾಡು ಕಳಿಸಿದರು. ನಮ್ಮ ಮನೆಯ ಮಹಡಿಯ ಮೇಲೆ ನೂಲಿನ ಮೂಟೆ ಇಡುವ ಕೋಣೆಯಿತ್ತು. ಮೂಟೆಗಳನ್ನು ಗೋಡೆಗೆ ಒರಗಿಸಿ, ನಡುವೆ ಮೇಜು ಹಾಕಿದರೆ ಅದೇ ಸ್ಟುಡಿಯೊ. ಕೆಳಗೆ ಅಪ್ಪನ ಪವರ್‌ಲೂಮ್ ಶೆಡ್ಡು. ರಾತ್ರಿ ಪಾಳಿಯವರು ಹೋಗಿ ಹಗಲಿನವರು ಬರುವ ಹೊತ್ತಿಗೆ, ಬೆಳಿಗ್ಗೆ ಆರರ ಸುಮಾರಿಗೆ, ಮಗ್ಗಗಳು ನಿಲ್ಲುತ್ತಿದ್ದವು. ಆ ಹೊತ್ತಿನಲ್ಲಷ್ಟೇ ನಾವು ಮೈಕಿನ ಮುಂದೆ ಮಾತಾಡಲು ಸಾಧ್ಯ. ಉಳಿದ ಹೊತ್ತು ಕಂಪ್ಯೂಟರ್ ತಾನಾಗಿ ಹಾಡು ಹಾಕಿಕೊಂಡಿರುತ್ತಿತ್ತು.

ಮೊದಲನೇ ದಿನ ಅಮ್ಮ ಕಾಫಿ ತಂದವಳು ಬಾಗಿಲಲ್ಲೇ ನಿಂತು, "ಏನು ಸತ್ತ ಇದು, ಬೆಳಿಗ್ಗೇನೆ?" ಎಂದಳು.

ಗೆಳತಿ ಗಾಬರಿಯಾಗಿ ಹಾಡು ನಿಲ್ಲಿಸಿದಳು. "ಯಾರು ಸತ್ತರು ಆಂಟಿ?"

ತಮಿಳಿನಲ್ಲಿ ಸದ್ದಿಗೆ ಸತ್ತಂ ಅನ್ನುತ್ತಾರೆ, ನಮ್ಮ ಮನೆಗಳ ಕನ್ನಡದಲ್ಲಿ ಅದು ಸತ್ತ ಆಗಿದೆ ಎಂದು ನಾನು ವಿವರಿಸುವಷ್ಟರಲ್ಲಿ ಅಮ್ಮನಿಗೆ ನಗು ತಡೆಯಲಾಗದೆ ಕಾಫಿ ಚೆಲ್ಲಿತ್ತು. ಮೈಕ್ ತೆರೆದೇ ಇತ್ತು. ಆದರೂ ತೊಂದರೆಯಾಗಲಿಲ್ಲ, ಯಾಕೆಂದರೆ ಕೇಳುವವರು ಯಾರೂ ಇರಲಿಲ್ಲ.

ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಎಷ್ಟು ಮಂದಿ ಕೇಳುತ್ತಿದ್ದಾರೆ ಎಂದು ಒಂದು ಅಂಕಿ ಕಾಣುತ್ತಿತ್ತು. ಅದು ಎರಡಕ್ಕಿಂತ ಮೇಲೆ ಏಳುತ್ತಿರಲಿಲ್ಲ: ನನ್ನ ಫೋನು, ಅವಳ ಫೋನು. ಒಂದು ದಿನ ಮೂರಾಯಿತು. ಇಬ್ಬರೂ ಎದ್ದು ನಿಂತೆವು. ನೋಡಿದರೆ ಅವಳು ತನ್ನ ಹಳೆಯ ಫೋನನ್ನೂ ಚಾರ್ಜಿಗೆ ಹಾಕಿದ್ದಳು.

ಜನರನ್ನು ಹುಡುಕಿಕೊಂಡು ನಾವೇ ಹೊರಟೆವು. ಸಿಂಗಾನಲ್ಲೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು, ನಮ್ಮ ರೇಡಿಯೊ ಕೇಳುವುದು ಹೇಗೆ ಎಂದು, ಕೆಳಗೆ ನಮ್ಮ ವಾಟ್ಸಾಪ್ ನಂಬರನ್ನೂ ಸೇರಿಸಿ ಅಚ್ಚು ಹಾಕಿಸಿದ ಚೀಟಿ ಹಂಚಿದೆವು. ಒಬ್ಬರು ಸೀರೆ ಅಂಗಡಿಯ ರಿಯಾಯಿತಿ ಚೀಟಿ ಎಂದುಕೊಂಡು ಹೆಂಡತಿಯನ್ನು ಕರೆದುಕೊಂಡು ಬಂದರು. ಅಂಗಡಿ ಎಲ್ಲಿದೆ ಎಂದು ಆಕೆ ಕೇಳಿದರು. ಅಂಗಡಿ ಇಲ್ಲ, ಹಾಡು ಇದೆ ಎಂದೆ. ಆಕೆ ಗಂಡನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಆಮೇಲೆ ನಮ್ಮ ಬೀದಿಯ ಕೊನೆಯ ಬೇಕರಿಯವರನ್ನು ಹಿಡಿದೆವು. ಟೀ ಕುಡಿಯುವವರಿಗೆ ಸಂಜೆ ಅರ್ಧ ಗಂಟೆ ನಮ್ಮ ರೇಡಿಯೊ ಹಾಕಿ ಎಂದು ಕೇಳಿಕೊಂಡಾಗ ಅವರು ಒಪ್ಪಿದರು. ಹಾಡು ಶುರುವಾಯಿತು. ಒಂದೊಂದು ಟೀಗೆ ಮುಕ್ಕಾಲು ಗಂಟೆ ಕೂರುವವರು ಗಟಗಟ ಕುಡಿದು ಎದ್ದರು. ಬೆಂಚು ಪೂರ್ತಿ ಖಾಲಿ. ಬೇಕರಿಯವರು ಬೇಸರ ಮಾಡಿಕೊಳ್ಳಲಿಲ್ಲ. "ಅಂಗಡಿ ಮುಚ್ಚುವ ಹೊತ್ತಿಗೆ ದಿನಾ ಹಾಕಮ್ಮ, ನನಗೆ ಇವರನ್ನು ಎಬ್ಬಿಸುವುದೇ ಕಷ್ಟ," ಎಂದರು. ಗೆಳತಿಗೆ ದಾರಿಯುದ್ದಕ್ಕೂ ನಗು. ನನಗೆ ಸ್ವಲ್ಪ ಅಳುವೂ ಬಂದಿತ್ತು.

ಇಷ್ಟೆಲ್ಲ ಆದಮೇಲೆ ಒಂದು ಬೆಳಿಗ್ಗೆ ಅಂಕಿ ಮತ್ತೆ ಮೂರಾಯಿತು. ಅವಳ ಹಳೆಯ ಫೋನು ಆಫ್ ಆಗಿಯೇ ಇತ್ತು. ಮರುದಿನವೂ ಮೂರು. ಆರಕ್ಕೆ ಸರಿಯಾಗಿ ಬಂದು, ಬಿಸಿಲೇರಿದ ಮೇಲೆ ಹೋಗಿ, ಸಂಜೆ ಮತ್ತೆ ಬರುವ ಮೂರನೆಯವರು. ಯಾರಿರಬಹುದು ಎಂದು ಕಂಪನಿಗೆ ಹೋಗುವ ಬಸ್ಸಿನಲ್ಲೆಲ್ಲ ಅದೇ ಮಾತು. ಹಾಸ್ಟೆಲಿನಲ್ಲಿ ಓದುವ ಹುಡುಗಿ ಎಂದು ನಾನು. ಜಿಮ್ಮಿಗೆ ಹೋಗುವವನು ಎಂದು ಅವಳು. ಆ ಒಬ್ಬರಿಗಾಗಿ ನಾವು ಹಾಡುಗಳನ್ನು ಜೋಡಿಸತೊಡಗಿದೆವು, ಅವರಿಗೆ ಮಾತ್ರ ಹೇಳುವಂತೆ ಶುಭೋದಯ ಹೇಳತೊಡಗಿದೆವು. ಒಂದು ಬುಧವಾರ, ಬದಲಾವಣೆ ಇರಲಿ ಎಂದು, ಬೆಳಗಿನ ಹೊತ್ತು ಪೂರ್ತಿ ಮೆಲ್ಲನೆಯ ಹಾಡುಗಳನ್ನು ಹಾಕಿದೆವು.

ಅವತ್ತು ಮಧ್ಯಾಹ್ನವೇ ನಮ್ಮ ವಾಟ್ಸಾಪಿಗೆ ಮೊದಲ ಸಂದೇಶ ಬಂತು. ಹೆಂಗಸೊಬ್ಬರ ದನಿ, ತಮಿಳಿನಲ್ಲಿ. ಇವತ್ತು ಯಾಕೆ ಹೀಗೆ ಮಾಡಿದಿರಿ, ದಿನಾ ಹಾಕುವ ಹಾಗೆ ಹಾಕಬಾರದೆ, ನಮ್ಮ ತೋಟದಲ್ಲಿ ಎರಡು ಸಾಲು ಕಡಲೆಕಾಯಿ ಹೋಯಿತು ಎಂದು ದೂರು. ನಮಗೆ ಏನೂ ಅರ್ಥವಾಗಲಿಲ್ಲ. ಕೊನೆಯಲ್ಲಿ ಆಕೆ ಫೋನನ್ನು ದೂರ ಹಿಡಿದು ಬೇರೆ ಯಾರಿಗೋ, "ಏನುಂದ್ರೆ, ಆ ನಾಯಿನ ಸ್ವಲ್ಪ ಕಟ್ಟಿ, ನಾನಿಲ್ಲಿ ಪೇಸ್ತಾ ಇವ್ನಿ" ಎಂದರು.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಪೇಸುವುದು ಅಂದರೆ ತಮಿಳಿನಲ್ಲಿ ಮಾತಾಡುವುದು. ಅದನ್ನು ಕನ್ನಡದೊಳಗೆ ಹಾಗೆ ಬೆರೆಸಿ ಆಡುವವರು ನಮ್ಮವರೇ. ಕೂಡಲೇ ಕನ್ನಡದಲ್ಲೇ ಮರುದನಿ ಕಳಿಸಿದೆ: "ಅಕ್ಕಾ, ನೀವು ನಮ್ಮ ಮಾತಿನವರಾ?"

"ಅಯ್ಯೋ, ಆಮಾ ಕಣ್ಣು," ಎಂದು ಅಕ್ಕರೆಯಿಂದ ಹೌದೆನ್ನುವ ಉತ್ತರ ಬಂತು. "ಕುನ್ನತ್ತೂರು ಹತ್ರ ತೋಟ ನಮ್ದು. ನೀನು ಯಾವೂರು? ಭಾನುವಾರ ಬಾ, ಬಂದು ನೀನೇ ನೋಡು ಏನಾಗದೆ ಅಂತ."

ಭಾನುವಾರ ಬೆಳಕು ಹರಿಯುವ ಮುನ್ನ ಇಬ್ಬರೂ ಸ್ಕೂಟರಿನಲ್ಲಿ ಹೊರಟೆವು. ದಾರಿಯಲ್ಲಿ ಗೆಳತಿ ಹಿಂದಿನಿಂದ ನನ್ನ ಕಿವಿಯಲ್ಲಿ ಹಾಡುತ್ತಲೇ ಇದ್ದಳು. ನಮ್ಮ ಮೊದಲ ಕೇಳುಗರನ್ನು ಕಣ್ಣಾರೆ ಕಾಣಲು ಹೋಗುತ್ತಿದ್ದೆವು.

ಅಕ್ಕನಿಗೆ ಐವತ್ತರ ಮೇಲಿರಬಹುದು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು ಗೇಟಿನಲ್ಲೇ ಕಾಯುತ್ತಿದ್ದರು. ಕಾಫಿ ಆಮೇಲೆ, ಮೊದಲು ಇಲ್ಲಿ ಬನ್ನಿ ಎಂದು ಹೊಲದ ಬದುವಿಗೆ ಕರೆದೊಯ್ದರು. ಕಡಲೆಕಾಯಿ ಬಿತ್ತಿದ ಹೊಲ, ಎಳೆ ಗಿಡಗಳು. ಆಚೆ ಬೇಲಿಯ ಉದ್ದಕ್ಕೂ ನವಿಲುಗಳು. ಒಂದಷ್ಟು ಆಗಲೇ ಒಳಗೆ ಇಳಿದು ಗಿಡದ ಬುಡ ಕೆದಕುತ್ತಿದ್ದವು. ಬೇವಿನ ಮರಕ್ಕೆ ಒಂದು ದೊಡ್ಡ ಲೌಡ್‌ಸ್ಪೀಕರ್ ಕಟ್ಟಿತ್ತು.

"ಮಯಿಲು ಕಾಟ ತಡೆಯಕಾಗಲ್ಲ," ಎಂದರು ಅಕ್ಕ. "ಸಾಮಿ ವಾಹನ, ಕಲ್ಲು ಹೊಡೆಯಕ್ಕೆ ಕೈ ಬರಲ್ಲ. ತಟ್ಟೆ ಬಡಿದೊ, ಪಟಾಕಿ ಹಚ್ಚಿದೊ. ಸಿನಿಮಾ ಪಾಟು ಹಾಕಿದೊ, ಅದಕ್ಕೆ ಎರಡೇ ದಿನ ಹೆದರಿದ್ದು. ಭಕ್ತಿ ಪಾಟು ಹಾಕಿದರೆ ಇನ್ನೂ ನಾಲ್ಕು ಹೆಚ್ಚಿಗೆ ಬಂದು ಕೂತ್ಕೊಂಡೊ. ಒಂದಿನ ಇವರು ಬಸ್ ಸ್ಟ್ಯಾಂಡಲ್ಲಿ ಯಾರೋ ಕೊಟ್ಟ ಚೀಟಿ ನೋಡಿ ಫೋನಲ್ಲಿ ಏನೋ ಒತ್ತಿದರು. ನಿಮ್ಮ ರೇಡಿಯೊ ಬಂತು. ನಮ್ಮ ನಾಯಿ ಗಾಡಿ ಕೆಳಗೆ ಹೋಗಿ ಮಲಗಿದ್ದು ಮಧ್ಯಾಹ್ನದವರೆಗೂ ಹೊರಗೆ ಬರಲಿಲ್ಲ."

ಅಷ್ಟು ಹೇಳಿ ಗಂಡನಿಗೆ ಸನ್ನೆ ಮಾಡಿದರು. ಅವರು ಮಾತಿಲ್ಲದ ಮನುಷ್ಯ. ಗಂಭೀರವಾಗಿ ಫೋನು ಒತ್ತಿದರು. ನಾವು ಹಿಂದಿನ ದಿನವೇ ಜೋಡಿಸಿಟ್ಟು ಬಂದಿದ್ದ ಹಾಡುಗಳು ಹೊಲದ ಮೇಲೆ ಮೊಳಗಿದವು. ಕೊಯಮತ್ತೂರಿನ ಕಾಲೇಜು ಹುಡುಗರ ಹಾಡು. ಡ್ರಮ್ಮಿನವರೆಗೆ ನವಿಲುಗಳು ಕತ್ತೆತ್ತಿ ನೋಡಿದವು. ಗಿಟಾರು ಕಿರುಚಿತು ನೋಡಿ, ಅಷ್ಟೂ ನವಿಲುಗಳು ಬಾಲ ಎತ್ತಿಕೊಂಡು ಓಡಿದವು, ಕೆಲವು ಹಾರಿದವು, ಒಂದು ಬೇಲಿಗೆ ಎಡವಿ ಎದ್ದು ಓಡಿತು. ಗಾಯಕ ಬಾಯಿ ತೆರೆಯುವ ಹೊತ್ತಿಗೆ ಹೊಲದಲ್ಲಿ ಒಂದು ಹಕ್ಕಿಯೂ ಇಲ್ಲ.

ಗೆಳತಿ ಬದುವಿನ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡಳು. ನಗಬೇಡ ಎಂದು ಅವಳ ಭುಜ ಹಿಡಿದು ಎಬ್ಬಿಸಲು ಹೋಗಿ ನಾನೂ ಪಕ್ಕದಲ್ಲೇ ಕೂತೆ. ಉಸಿರು ಸಿಗದಷ್ಟು ನಕ್ಕೆವು. ಅಕ್ಕನಿಗೆ ನಮ್ಮ ನಗು ಯಾಕೆಂದು ತಿಳಿಯಲಿಲ್ಲ. "ಒಳ್ಳೆ ರೇಡಿಯೊ ಕಣಮ್ಮ ನಿಮ್ಮದು," ಎಂದು ಮನಸಾರೆ ಹೊಗಳಿದರು. "ಆದರೆ ಬುಧವಾರದ ಹಾಗೆ ಇನ್ನೊಂದು ಸಲ ಮಾಡಬೇಡ."

ಆಮೇಲೆ ಕಾಫಿ, ಇಡ್ಲಿ, ಮತ್ತೆ ಕಾಫಿ. ನಾನು ಸ್ಕೂಟರ್ ಹತ್ತುವಾಗ ಅಕ್ಕ ಒಂದು ಚೀಲ ತೊಂಡೆಕಾಯಿ ಕೊಟ್ಟರು. ಗಾಳಿಯಲ್ಲಿ ತೇಲಿಕೊಂಡು ಹೋದ ಹಾಗೆ ಮನೆ ಸೇರಿದೆವು.

ಬೆಳಗಿನ ಹೊತ್ತಿಗೆ ಬರೀ ಗಲಾಟೆಯ ಹಾಡು ಎಂದು ತೀರ್ಮಾನವಾಯಿತು. ಅಕ್ಕ ಅಕ್ಕಪಕ್ಕದ ತೋಟದವರಿಗೆಲ್ಲ ಹೇಳಿದರು. ಪರದೆಯ ಅಂಕಿ ದಿನದಿನಕ್ಕೆ ಏರಿತು. ಯಾವ ಹಾಡಿಗೆ ನವಿಲು ಎಷ್ಟು ದೂರ ಓಡಿತು ಎಂಬ ವರದಿಗಳು ತಮಿಳಿನಲ್ಲೂ ನಮ್ಮ ಮಾತಿನಲ್ಲೂ ಬರತೊಡಗಿದವು. ಹಾಡುಗಳ ಹೆಸರು ಯಾರಿಗೂ ಬಾಯಿಗೆ ಬರದು. "ಆ ಬೈಕು ಏರಿ ಹತ್ತೋ ಹಾಗೆ ಬರುತ್ತಲ್ಲ, ಅದು" ಎಂದು ಕೇಳುತ್ತಿದ್ದರು. ನಮಗೆ ಯಾವುದೆಂದು ತಕ್ಷಣ ತಿಳಿಯುತ್ತಿತ್ತು.

ಆ ಕಾಲೇಜು ಹುಡುಗರ ಗಾಯಕನಿಗೆ ನಾನು ಫೋನು ಮಾಡಿದೆ. ನಿಮ್ಮ ಹಾಡಿಗೆ ಕುನ್ನತ್ತೂರಿನಲ್ಲಿ ಬಹಳ ಬೇಡಿಕೆ ಎಂದೆ. ಅವನ ದನಿ ಅರಳಿತು. ಯಾವ ತರಹದ ಜನ, ವಯಸ್ಸೆಷ್ಟು ಎಂದು ಕೇಳಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇವನಿಗೆ ಅವಮಾನವಾಯಿತು, ಇನ್ನು ಹಾಡು ಕೊಡುವುದಿಲ್ಲ ಎಂದುಕೊಂಡೆ.

"ನಾವು ಅಲ್ಲಿಗೇ ಬಂದು ಬಾರಿಸಬಹುದಾ?" ಎಂದ ಅವನು.

ಒಂದು ಸಣ್ಣ ಗೂಡ್ಸ್ ಗಾಡಿಯಲ್ಲಿ ಡ್ರಮ್ಮು, ಗಿಟಾರು, ನಾಲ್ಕು ಉದ್ದ ಕೂದಲಿನ ಹುಡುಗರು ಒಂದು ಭಾನುವಾರ ಬೆಳಿಗ್ಗೆ ಅಕ್ಕನ ತೋಟಕ್ಕೆ ಬಂದು ಇಳಿದರು. ಪಂಪ್‌ಸೆಟ್ ಮನೆಯಿಂದ ಕರೆಂಟು. ನಾನು ಬೇವಿನ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲಿಂದಲೇ ರೇಡಿಯೊ ನಡೆಸಿದೆ. ಸುತ್ತಲಿನ ತೋಟದವರೆಲ್ಲ ಬಂದು ಸೈಜುಗಲ್ಲುಗಳ ಮೇಲೆ, ಟ್ರ್ಯಾಕ್ಟರಿನ ಮೇಲೆ ಕೂತರು. ಅಮ್ಮನೂ ಬಂದಿದ್ದಳು, ಕಿವಿಗೆ ಹತ್ತಿ ಇಟ್ಟುಕೊಂಡು. ಮೊದಲ ಹೊಡೆತಕ್ಕೇ ನವಿಲುಗಳು ಚದುರಿದವು, ಜನ ಚಪ್ಪಾಳೆ ತಟ್ಟಿದರು. ಎರಡನೇ ಹಾಡಿನ ನಡುವೆ ಗಾಯಕ ಕಣ್ಣು ಮುಚ್ಚಿ ಉದ್ದಕ್ಕೆ ಕೂಗಿದ. ದೂರದ ತಾಳೆ ಮರದ ಕಡೆಯಿಂದ ಒಂದು ನವಿಲು ಅಷ್ಟೇ ಉದ್ದಕ್ಕೆ ಮರುಕೂಗು ಕೊಟ್ಟಿತು. ಅವನು ನಿಲ್ಲಿಸಿದ. ಮತ್ತೆ ಕೂಗಿದ. ಅದೂ ಕೂಗಿತು. ಡ್ರಮ್ಮಿನವನು ಅವರಿಬ್ಬರಿಗೂ ತಾಳ ಹಾಕತೊಡಗಿದ. ಅವನು ಒಂದು ಸಾಲು, ಅದು ಒಂದು ಸಾಲು. ಟ್ರ್ಯಾಕ್ಟರಿನ ಮೇಲಿದ್ದ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಅಮ್ಮ ಕಿವಿಯ ಹತ್ತಿ ತೆಗೆದಿದ್ದಳು.

"ಮಯಿಲೇ ಪರವಾಯಿಲ್ಲ, ಶ್ರುತಿ ಬಿಡಲಿಲ್ಲ," ಎಂದರು ಅಕ್ಕ ನನ್ನ ಮೈಕಿಗೆ ಬಾಯಿಟ್ಟು. ಅದು ಹಾಗೇ ಪ್ರಸಾರವಾಯಿತು. ಬೇಕರಿಯವರೂ ಕೇಳಿದರಂತೆ.

ಹೆಚ್ಚು ದಿನ ಕಳೆಯಲಿಲ್ಲ, ನವಿಲುಗಳಿಗೆ ನಮ್ಮ ಹಾಡು ಅಭ್ಯಾಸವಾಯಿತು. ಒಂದು ಬೆಳಿಗ್ಗೆ ಅಕ್ಕ ಫೋನು ಮಾಡಿ, ಅವು ಸ್ಪೀಕರಿನ ಕೆಳಗೇ ನಿಂತು ಮೇಯುತ್ತಿವೆ ಎಂದು ಸಪ್ಪಗೆ ಹೇಳಿದರು. ಹೊಲಕ್ಕೆ ಈಗ ಬಲೆ ಕಟ್ಟಿಸಿದ್ದಾರಂತೆ. ಹಾಗಾದರೆ ಇನ್ನು ರೇಡಿಯೊ ಹಾಕುವುದಿಲ್ಲವಾ ಎಂದು ಕೇಳಿದೆ.

"ಯಾಕ ಹಾಕಲ್ಲ? ಇವರು ಬೆಳಿಗ್ಗೆ ಹಸು ಕರೆಯುವಾಗ ಅದಿಲ್ಲದೆ ಆಗಲ್ಲ ಅಂತಾರೆ. ಹಸು ಕೂಡ ಹಾಲು ಇಳಿಸ್ತದೆ."

ತೋಟದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಿಟ್ಟು ಹೋದರು. ಒಂದಷ್ಟು ಮಂದಿ ಉಳಿದರು, ಆ ಭಾನುವಾರದ ಕೂಗಾಟ ಯಾರೋ ಹಂಚಿಕೊಂಡಿದ್ದನ್ನು ಕೇಳಿ ಕೊಯಮತ್ತೂರಿನಿಂದ, ಪಾಲಕ್ಕಾಡಿನಿಂದ ಒಂದಷ್ಟು ಹೊಸಬರು ಬಂದರು. ನಾವೇನೂ ದೊಡ್ಡ ರೇಡಿಯೊ ಆಗಲಿಲ್ಲ. ಹಾಡು ಓಡುತ್ತಿರುವಾಗ ಮೂಟೆಗಳ ನಡುವೆ ಕೂತು ಗೆಳತಿ ನನಗೆ ಕನ್ನಡ ಅಕ್ಷರ ಕಲಿಸಿದಳು. ನಮ್ಮ ಮನೆಯಲ್ಲಿ ಮಾತು ಎಲ್ಲರಿಗೂ ಬರುತ್ತದೆ, ಲಿಪಿ ನನಗೊಬ್ಬಳಿಗೇ.

ಕಳೆದ ವಾರ ಅಕ್ಕನಿಂದ ಹೊಸದೊಂದು ಬೇಡಿಕೆ ಬಂದಿದೆ. ಬುಧವಾರ ಬುಧವಾರ ಮೆಲ್ಲನೆಯ ಹಾಡು ಹಾಕಬೇಕಂತೆ, ಗಂಡನಿಗೆ ಇಷ್ಟವಂತೆ, ಆದರೆ ಅದನ್ನು ಅವರಾಗಿ ಯಾರಿಗೂ ಹೇಳುವುದಿಲ್ಲವಂತೆ.